ಆ ಸೂಜಿ ಬೇಡ ಅಂದದ್ದು

ಮೊಣಕಾಲು ಬದಲಿಸಿಕೊಳ್ಳಲು ಹೊರಟವರು ಈಗ ನಮ್ಮ ಬಜಾಜ್ ನಗರದ ಮನೆಗೆ ಬಂದು ನನ್ನನ್ನು ವಿಚಾರಿಸುತ್ತಾರೆ. ಎರಡೂ ಕಾಲು ಮಾಡಿಸಿಕೊಂಡು ಕೋಲಿಲ್ಲದೆ ಮೆಟ್ಟಿಲು ಹತ್ತುವವಳು ಎಂದು ನಾಗಪುರದ ಕನ್ನಡದವರಲ್ಲಿ ನನಗೆ ಹೆಸರಾಗಿದೆ. ಎಲ್ಲರೂ ಕೇಳುವುದು ಒಂದೇ: ‘ನೋವು ಎಷ್ಟಿರತದ್ರಿ?’ ನಾನು ಸುಳ್ಳು ಹೇಳುವುದಿಲ್ಲ. ಇರುತ್ತದೆ, ಬಹಳ ಇರುತ್ತದೆ. ಆದರೆ ಅದನ್ನು ತಡೆಯಲು ಅಫೀಮಿನ ಜಾತಿಯ ಆ ದೊಡ್ಡ ಸೂಜಿಯೊಂದೇ ಅಲ್ಲ, ಬೇರೆ ದಾರಿಗಳೂ ಇವೆ ಎನ್ನುತ್ತೇನೆ. ಎರಡನೆಯ ಕಾಲಿಗೆ ನಾನು ಆ ಸೂಜಿಯನ್ನು ಒಂದು ಸಲವೂ ತೆಗೆದುಕೊಳ್ಳಲಿಲ್ಲ ಅಂದರೆ, ‘ಎಂಥಾ ಗಟ್ಟಿ ಹೆಂಗಸ್ರೀ ನೀವು!’ ಎಂದು ಕೈಮುಗಿಯುತ್ತಾರೆ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ನಾನು ಅದನ್ನು ಬೇಡ ಅಂದದ್ದು ಸೇಡಿಗಾಗಿ.

ನಾನು ಗದಗಿನವಳು. ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮವರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದರು, ನಾನು ಶಾಲೆಯಲ್ಲಿ ಗಣಿತದ ಟೀಚರ್. ಮನೆಯಲ್ಲಿ ನಾವಿಬ್ಬರು, ಮಗಳು ವೃಂದಾ, ಮತ್ತು ನಮ್ಮವರ ಅಕ್ಕ ಅಂಬಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಮಡಿ, ಪೂಜೆ, ಪಾರಾಯಣದ ಪೋಥಿ ಬಿಟ್ಟರೆ ಅವರಿಗೆ ಬೇರೆ ಲೋಕ ಇರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮಾವನವರ ಶ್ರಾದ್ಧದ ದಿನ. ನಮ್ಮಲ್ಲಿ ಮದುವೆಯಾದ ಹೆಣ್ಣಿಗೆ ತಾಯಿ ಸತ್ತರೆ ಮೂರು ದಿನ ಸೂತಕ. ಆ ಮೂರು ದಿನ ಅವಳು ಮಡಿ ಅಡುಗೆಗೆ ಕೈ ಹಚ್ಚುವಂತಿಲ್ಲ. ಆದರೆ ಸೂತಕ ಶುರುವಾಗುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಬೀಳುವವರೆಗೆ ಅವಳು ಶುದ್ಧಳೇ. ನಮ್ಮ ಶಾಸ್ತ್ರದವರು ಎಷ್ಟು ಅನುಕೂಲ ಮಾಡಿಟ್ಟಿದ್ದಾರೆ ನೋಡಿ!

ಅಂಬಕ್ಕನಿಗೆ ಆಗಲೇ ಕೈ ನಡುಗುತ್ತಿತ್ತು, ಹಾಗಾಗಿ ಅಡುಗೆಯೆಲ್ಲ ನನ್ನದೇ. ಬೆಳಗಿನಿಂದ ಒದ್ದೆ ಸೀರೆಯಲ್ಲಿ ಕೂತು ವಡೆ ತಟ್ಟಿದೆ, ಪಾಯಸ ಕುದಿಸಿದೆ, ಎಳ್ಳುಂಡೆ ಕಟ್ಟಿದೆ. ಬ್ರಾಹ್ಮಣರು ಉಂಡು, ‘ಅಡಿಗಿ ಭಾಳ ರುಚಿ ಆಗ್ಯದ್ರಿ ಬಾಯಾರ’ ಎಂದು ಹರಸಿ ಎದ್ದರು. ನಮ್ಮವರು ಅವರನ್ನು ಬಿಟ್ಟುಬರಲು ಸ್ಕೂಟರ್ ತೆಗೆದುಕೊಂಡು ಹೋದರು. ಅವರು ಆಚೆ ಹೋದ ಮೇಲೆ ಅಂಬಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

‘ಸುಮೀ, ಗದಗಿನಿಂದ ತಾರ ಬಂದದ. ನಿಮ್ಮವ್ವ ಹೋದರಂತ.’

ನಾನು ಗದಗ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅವ್ವನ ಮುಖವಿರಲಿ, ಅಸ್ಥಿಯನ್ನೂ ನದಿಗೆ ಬಿಟ್ಟಾಗಿತ್ತು. ‘ಒಂದು ದಿನ ಕಾದೆವು ಅಕ್ಕಾ, ನೀ ಬರಲಿಲ್ಲ’ ಎಂದ ನನ್ನ ತಮ್ಮ. ಆಗ ನನಗೆ ಅರ್ಥವಾಗಲಿಲ್ಲ. ಎರಡು ತಿಂಗಳ ಮೇಲೆ ಅಂಬಕ್ಕನ ಪೋಥಿಗಳ ಧೂಳು ಹೊಡೆಯುವಾಗ ಒಂದರ ನಡುವೆ ಆ ತಂತಿಯ ಕಾಗದ ಸಿಕ್ಕಿತು. ‘ಮದರ್ ಎಕ್ಸ್‌ಪೈರ್ಡ್ ಸ್ಟಾರ್ಟ್ ಇಮೀಡಿಯೆಟ್ಲಿ.’ ಅದರ ಮೇಲಿನ ಮುದ್ರೆ ಶ್ರಾದ್ಧದ ಹಿಂದಿನ ದಿನದ್ದು. ಅಂದರೆ ಇಡೀ ಒಂದು ದಿನ ನನ್ನ ಅವ್ವನ ಸಾವನ್ನು ಪೋಥಿಯೊಳಗೆ ಮುಚ್ಚಿಟ್ಟು, ನನ್ನ ಕೈಯಿಂದ ವಡೆ ತಟ್ಟಿಸಿಕೊಂಡಿದ್ದರು.

ಕಾಗದವನ್ನು ಇದ್ದಲ್ಲೇ ಇಟ್ಟೆ. ಯಾಕೆ ಇಟ್ಟೆನೋ, ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಮರುವರ್ಷ ಹುಡುಕಿದರೆ ಅದು ಅಲ್ಲಿರಲಿಲ್ಲ. ಬಾಯಿಬಿಟ್ಟು ಕೇಳಲಿಲ್ಲ. ಮಗಳು ಚಿಕ್ಕವಳು, ಮನೆ ಒಡೆದೀತು, ಅಕ್ಕ ಮತ್ತು ಹೆಂಡತಿಯ ನಡುವೆ ಸಿಕ್ಕು ನಮ್ಮವರು ಒದ್ದಾಡಿಯಾರು ಎಂದು ಅವರ ಮೇಲೆ ಕನಿಕರ ಬೇರೆ. ಸಿಟ್ಟನ್ನೆಲ್ಲ ಅಂಬಕ್ಕನ ಮೇಲೆ ಸಣ್ಣಸಣ್ಣದಾಗಿ ತೀರಿಸಿಕೊಂಡೆ. ಹನ್ನೆರಡು ವರ್ಷ ಅವರ ಚಹಾಕ್ಕೆ ಒಮ್ಮೆ ಕುದಿಸಿದ ಪುಡಿಯನ್ನೇ ಮತ್ತೆ ಕುದಿಸಿದೆ. ಸೀದ ಜೋಳದ ಭಕ್ಕರಿ ಯಾವಾಗಲೂ ಅವರ ತಾಟಿಗೇ ಬೀಳುತ್ತಿತ್ತು. ಅವರು ಒಂದು ಮಾತು ಆಡದೆ ಕುಡಿದರು, ತಿಂದರು. ಮಾಡಿದ ತಪ್ಪು ಚುಚ್ಚುತ್ತಿದೆ, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ನನ್ನ ಮೊಣಕಾಲುಗಳು ಸವೆದು ಹೋಗಿದ್ದವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಮೊದಲು ಬಲಗಾಲು ಮಾಡಿಸಿದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ನೋವಿಗೆಂದು ಆ ದೊಡ್ಡ ಸೂಜಿ ಕೊಟ್ಟರು. ಬೇರೆಯವರಿಗೆ ಅದು ವರ. ನನ್ನ ಪಕ್ಕದ ಹಾಸಿಗೆಯವಳು ಅದನ್ನು ತೆಗೆದುಕೊಂಡು ಮಗುವಿನಂತೆ ಮಲಗುತ್ತಿದ್ದಳು. ನನಗೆ ಮಾತ್ರ ಅದು ಒಗ್ಗಲಿಲ್ಲ. ವಾಂತಿ, ಮೈಯೆಲ್ಲ ತುರಿಕೆ, ಆಮೇಲೆ ತಲೆಯೇ ನನ್ನದಲ್ಲ. ಎರಡನೆಯ ದಿನ ಸಂಜೆ ನನ್ನನ್ನು ನೋಡಲು ಲಕ್ಷ್ಮೀ ನಗರದ ಕುಲಕರ್ಣಿ ಕಾಕು ಮತ್ತು ಅವರ ಯಜಮಾನರು ಬಂದಿದ್ದರು. ಅವರ ಮುಂದೆ ನಾನು ಎದ್ದು ಕೂತು, ಅಂಬಕ್ಕನತ್ತ ಬೆರಳು ಮಾಡಿ ಕಿರುಚಿದೆನಂತೆ: ‘ತಾರ ಮುಚ್ಚಿಟ್ಟಾಕಿ ಈಕೀನ! ನನ್ನ ಅವ್ವ ಅಲ್ಲಿ ಸುಡಾಕತ್ತಿದ್ಲು, ಈಕಿ ಇಲ್ಲಿ ಪಾಯಸ ಸುರದ್ಲು!’

ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಅದೇ ಉಸಿರಿನಲ್ಲಿ ಮೇಲೆ ತೋರಿಸಿ, ‘ಫ್ಯಾನಿನ ಮ್ಯಾಲೆ ಎಮ್ಮಿ ಕೂತದ, ಇಳಸ್ರೀ ಅದನ್ನ!’ ಎಂದೂ ಕೂಗಿದೆನಂತೆ.

ಮುಗಿಯಿತಲ್ಲ! ಎಮ್ಮೆಯ ಜೊತೆ ತಂತಿಯೂ ಸುಳ್ಳಾಯಿತು. ‘ಸೂಜಿ ಮಾತು ಆಡಸ್ಲಿಕತ್ತದ’ ಎಂದು ನಮ್ಮವರು ಎಲ್ಲರ ಕೈ ಹಿಡಿದು ಹೊರಗೆ ಕರೆದೊಯ್ದರು. ಮುಂದೆ ಇಲ್ಲಿಯ ಕನ್ನಡದವರ ಯಾವ ಕಾರ್ಯಕ್ರಮಕ್ಕೆ ಹೋದರೂ ಯಾರಾದರೊಬ್ಬರು, ‘ಸುಮನ್‌ಬಾಯಿ, ಎಮ್ಮಿ ಹಾಲು ಎಷ್ಟು ಕೊಡತದ್ರಿ?’ ಎನ್ನುವರು. ಎಲ್ಲರೂ ನಗುವರು. ನಾನೂ ನಗಬೇಕಾಗುತ್ತಿತ್ತು. ಮನೆಗೆ ಬಂದು ಹೊಟ್ಟೆಯುರಿದುಕೊಳ್ಳುತ್ತಿದ್ದೆ. ಹತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು ಊರಿನವರ ಬಾಯಲ್ಲಿ ಜೋಕಾಗಿತ್ತು. ಒಂದು ಸಲ ತಡೆಯಲಾರದೆ ಊಟದ ಹೊತ್ತಿಗೆ ‘ನಾ ಆಸ್ಪತ್ರಿಯೊಳಗ ಹೇಳಿದ್ದು ಖರೇನ ಅದ’ ಎಂದೆ. ಅಂಬಕ್ಕ ಅನ್ನ ಕಲಸಿಕೊಂಡರು. ನಮ್ಮವರು, ‘ಇನ್ನೂ ಸೂಜಿ ಇಳದಿಲ್ಲ ನಿನಗ’ ಎಂದು ಸಾರು ಬಡಿಸಿಕೊಂಡರು.

ಆವತ್ತೇ ನಿಶ್ಚಯಿಸಿದೆ. ಎಡಗಾಲು ಇನ್ನೂ ಬಾಕಿ ಇದೆ. ಅದನ್ನು ಮಾಡಿಸುತ್ತೇನೆ. ಅದೇ ಆಸ್ಪತ್ರೆ, ಅದೇ ಜನ, ಅದೇ ಸಂಜೆಯ ಹೊತ್ತು. ಆದರೆ ತಲೆ ನನ್ನದಾಗಿರಬೇಕು. ಆ ಸೂಜಿಯ ಒಂದು ಹನಿಯೂ ಮೈಯಲ್ಲಿ ಇರಬಾರದು. ಆಗ ಹೇಳುತ್ತೇನೆ, ಏನು ನೆಪ ಹೇಳುತ್ತಾರೋ ನೋಡೋಣ.

ಎರಡು ವರ್ಷದ ಮೇಲೆ ಜನವರಿಯಲ್ಲಿ, ನಾಗಪುರದ ಬಿಸಿಲು ಹೆಚ್ಚುವ ಮೊದಲು, ದಿನ ಗೊತ್ತುಮಾಡಿದರು. ಅರಿವಳಿಕೆಯ ಡಾಕ್ಟರರ ಕೋಣೆಯ ಹೊರಗೆ ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದೆವು. ಎದುರಿಗೆ ಕಾಮಠಿಯಿಂದ ಬಂದ ಒಬ್ಬ ನಿವೃತ್ತ ಸುಬೇದಾರರು ಸೊಂಟದ ಕೀಲು ಮಾಡಿಸಲು ಕೂತಿದ್ದರು. ನೆಟ್ಟಗೆ ಕೂತಿದ್ದರೂ ಎಕ್ಸರೇ ಕವರನ್ನು ಮತ್ತೆ ಮತ್ತೆ ತೆರೆದು ಮುಚ್ಚುತ್ತಿದ್ದರು. ನನಗೂ ಹೆದರಿಕೆಯೇ. ಮೊದಲನೆಯ ಕಾಲಿನ ನೋವು ಮರೆತಿರಲಿಲ್ಲ. ಸೇಡು ಎಂದು ಮನೆಯಲ್ಲಿ ಕೂತು ಹೇಳುವುದು ಸುಲಭ. ಆ ಬೆಂಚಿನ ಮೇಲೆ ಕೂತಾಗ ಎದ್ದು ಓಡಿಹೋಗಬೇಕೆನಿಸಿತ್ತು.

ಡಾಕ್ಟರು ನಡುವಯಸ್ಸಿನ ಮರಾಠಿ ಹೆಂಗಸು. ಹಳೆಯ ಕಾಗದ ನೋಡಿ, ಆ ಸೂಜಿ ನನಗೆ ಒಗ್ಗದ್ದನ್ನು ಓದಿ, ‘ಈ ಸಲ ಅದಿಲ್ಲದೆ ನೋಡೋಣ ಮಾವಶಿ’ ಎಂದರು. ತೊಡೆಯ ಸಂದಿಯಲ್ಲಿ ನರದ ಪಕ್ಕಕ್ಕೆ ಕೂದಲಿನಂಥ ನಳಿಗೆ ಇಟ್ಟು ಕಾಲು ಮರಗಟ್ಟಿಸುವ ಔಷಧ ಬಿಡುವುದು, ನೋವು ಇರಲಿ ಬಿಡಲಿ ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್, ಕಿಡ್ನಿ ಹೊಟ್ಟೆ ಸರಿಯಿರುವುದರಿಂದ ಊತಕ್ಕೊಂದು ಗುಳಿಗೆ, ಮೇಲೆ ಐಸು. ‘ನೋವು ಪೂರ್ತಿ ಹೋಗುವುದಿಲ್ಲ, ತಾಳುವಷ್ಟಾಗುತ್ತದೆ. ತಾಳದಿದ್ದರೆ ಕೇಳಿ, ಸ್ವಲ್ಪ ಪ್ರಮಾಣದಲ್ಲಿ ಆ ಸೂಜಿ ಕೊಡುತ್ತೇನೆ. ಕೇಳಿದರೆ ನಾಚಿಕೆಯೇನಿಲ್ಲ’ ಎಂದರು. ಒಳ್ಳೆಯ ಹೆಂಗಸು. ನಿಮಗೂ ಅದನ್ನೇ ಹೇಳುತ್ತೇನೆ: ಬೇಕಾದರೆ ಕೇಳಿ, ನನ್ನಂತೆ ಹಟ ಹಿಡಿಯಬೇಡಿ. ನನ್ನ ಹಟಕ್ಕೆ ಬೇರೆ ಕಾರಣವಿತ್ತು.

‘ಅಲ್ಲಾ ಸುಮನ್, ತಾಳತದ ಏನು ನಿನಗ?’ ಎಂದು ನಮ್ಮವರು ಹೊರಬರುತ್ತಲೇ ಕೇಳಿದರು. ಮುಖ ಸಣ್ಣಗಾಗಿತ್ತು. ‘ತಾಳಲಿಕ್ಕೇ ಬೇಕು’ ಎಂದೆ.

ಮೊದಲ ಎರಡು ದಿನ, ನಿಜ ಹೇಳಬೇಕೆಂದರೆ, ನಾನೇ ನಂಬಲಿಲ್ಲ. ಮಂಡಿಯ ಮುಂಭಾಗ ಇದೆಯೋ ಇಲ್ಲವೋ ಎನ್ನುವಷ್ಟು ಸುಮ್ಮನಿತ್ತು. ಯಾರದೋ ಕಾಲನ್ನು ತಂದು ನನ್ನ ಪಕ್ಕದಲ್ಲಿ ಮಲಗಿಸಿದ ಹಾಗೆ. ನಿಂತರೆ ಮಡಚಿಕೊಂಡು ಬೀಳುತ್ತೀರಿ ಎಂದು ಒಬ್ಬಳೇ ಇಳಿಯಲು ಬಿಡುತ್ತಿರಲಿಲ್ಲ. ನೋವೆಲ್ಲ ಮಂಡಿಯ ಹಿಂದೆ ಹೋಗಿ ಕೂತಿತ್ತು. ಅಲ್ಲಿಗೆ ಆ ನಳಿಗೆಯ ಔಷಧ ಮುಟ್ಟುವುದಿಲ್ಲವಂತೆ. ಮಲಯಾಳಿ ಸಿಸ್ಟರ್ ಒಬ್ಬಳು ಹಿಮ್ಮಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಮಂಡಿಯ ಹಿಂದಕ್ಕೂ ಐಸು ತೂರಿಸುವುದನ್ನು ನಮ್ಮವರಿಗೆ ಕಲಿಸಿದಳು. ಅದೆಂಥ ಸುಖ ಎಂದು ಅನುಭವಿಸಿದವರಿಗೇ ಗೊತ್ತು. ನಮ್ಮವರು ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಇಡುವರು, ತೆಗೆಯುವರು, ಒರೆಸುವರು, ಮತ್ತೆ ಇಡುವರು. ಮನೆಯಿಂದ ಥರ್ಮಾಸಿನಲ್ಲಿ ಐಸು ತುಂಬಿ ತರುವರು. ‘ಐಸಾ ಪತಿ ಕಿಸೀ ಕೋ ನಹೀ ಮಿಲತಾ ಅಮ್ಮಾ’ ಎಂದಳು ಸಿಸ್ಟರ್. ಇಂಥ ಗಂಡ ಯಾರಿಗೂ ಸಿಗುವುದಿಲ್ಲವಂತೆ; ನನಗೂ ಹೆಮ್ಮೆ ಅನಿಸಿತು. ಹೌದು, ಹೆಮ್ಮೆ.

ಮೂರನೆಯ ದಿನ ಬೆಳಿಗ್ಗೆ ನಳಿಗೆ ತೆಗೆದರು. ಹನ್ನೊಂದಕ್ಕೆ ವ್ಯಾಯಾಮದವನು ಬಂದು ಮಂಡಿ ಮಡಚಿಸಿದ. ಗುಳಿಗೆಯನ್ನು ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲೇ ನುಂಗಬೇಕಿತ್ತು. ಊಟದ ಮೇಲೆ ನುಂಗಿದರಾಯಿತು ಎಂದು ನಾನು ಎತ್ತಿಟ್ಟಿದ್ದೆ. ಆ ತಪ್ಪು ನೀವು ಮಾಡಬೇಡಿ. ಅವನು ಹೋದ ಮೇಲೆ ನೋವು ಒಳಗಿನಿಂದ ಎದ್ದು ಬಂತು. ಎರಡು ಗಂಟೆಯ ಹೊತ್ತಿಗೆ ನಾನು ಮಂಚದ ಸರಳು ಹಿಡಿದು, ‘ಅವ್ವಾ, ಅವ್ವಾ’ ಎನ್ನುತ್ತಿದ್ದೆ. ಸಿಸ್ಟರ್ ಓಡಿಬಂದಳು.

‘ಅಮ್ಮಾ, ಸೂಯಿ ಲೇ ಲೋ ನಾ. ಡಾಕ್ಟರ್ ನೇ ಲಿಖಕೇ ರಖಾ ಹೈ. ಕ್ಯೂಂ ಸಹತೀ ಹೋ?’

ಡಾಕ್ಟರು ಬರೆದಿಟ್ಟಿರುವಾಗ ಸೂಜಿ ಬಿಟ್ಟು ಯಾಕೆ ನೋವು ತಿನ್ನುತ್ತೀರಿ ಎಂಬುದು ಅವಳ ಪ್ರಶ್ನೆ. ತಗೊಂಡುಬಿಡೋಣ ಅನಿಸಿತು. ಅನಿಸಿತೇನು, ಬಾಯಿಯವರೆಗೂ ಬಂತು. ನಾಲ್ಕಕ್ಕೆ ಕುಲಕರ್ಣಿ ಕಾಕು ಬರುವವರಿದ್ದರು. ಒಂದೇ ಒಂದು ಸೂಜಿ ತೆಗೆದುಕೊಂಡರೂ ಅವ್ವ ಮತ್ತೆ ಎಮ್ಮೆಯಾಗುತ್ತಾಳೆ. ‘ನಹೀ ಲೂಂಗೀ’ ಎಂದೆ. ಸಿಸ್ಟರ್ ತಲೆ ಚಚ್ಚಿಕೊಂಡು, ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಪ್ಯಾರಾಸಿಟಮಾಲನ್ನು ಡ್ರಿಪ್ಪಿನಲ್ಲಿ ಹಚ್ಚಿದಳು. ಕಾಲು ಎತ್ತರಕ್ಕೆ ಇಟ್ಟಳು. ಮುಂದೆ ಹಿಂದೆ ಐಸು ಕಟ್ಟಿದಳು. ಪಕ್ಕದಲ್ಲೇ ಕೂತು ನನ್ನ ಕೈ ತಟ್ಟುತ್ತ ತನ್ನೂರಿನ ಸುದ್ದಿ ಹೇಳಿದಳು. ಅವಳ ಹೊಟ್ಟೆ ತಣ್ಣಗಿರಲಿ. ಮೂರೂವರೆಗೆ ನೋವು ಹಿಡಿತಕ್ಕೆ ಬಂತು. ಮುಖ ತೊಳೆಸಿಕೊಂಡು, ತಲೆ ಬಾಚಿಸಿಕೊಂಡು, ಕುಂಕುಮ ಇಟ್ಟುಕೊಂಡು ದಿಂಬಿಗೆ ಒರಗಿ ಕೂತೆ.

ನಾಲ್ಕಕ್ಕೆ ಕುಲಕರ್ಣಿ ಕಾಕು, ಅವರ ಯಜಮಾನರು, ಕೈಚೀಲ ತುಂಬ ಸಂತ್ರಾ ಹಣ್ಣು. ಅಂಬಕ್ಕನೂ ಅವರ ಜೊತೆಯೇ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. ವೃಂದಾ ಆಫೀಸಿಗೆ ಹೋಗಿದ್ದಳು. ನಮ್ಮವರು ಟವೆಲಿನಲ್ಲಿ ಐಸು ಸುತ್ತುತ್ತಿದ್ದರು. ನಾನು ಸಿಸ್ಟರನ್ನು ಕರೆದು, ಮೂರು ದಿನದಿಂದ ನನಗೆ ಏನೇನು ಔಷಧ ಕೊಟ್ಟಿದ್ದೀರಿ, ಇವರಿಗೆಲ್ಲ ಓದಿ ಹೇಳು ಎಂದೆ. ಅವಳು ಒಂದೊಂದಾಗಿ ಓದಿದಳು. ‘ಔರ್ ನಶೇವಾಲೀ ಸೂಯಿ?’ ಎಂದು ಆ ಅಮಲಿನ ಸೂಜಿಯನ್ನೂ ಕೇಳಿದೆ. ‘ಏಕ್ ಭೀ ನಹೀ’, ಒಂದೂ ಇಲ್ಲ, ಎಂದಳು.

‘ಕಾಕೂ, ಫ್ಯಾನಿನ ಮ್ಯಾಲೆ ಎಮ್ಮಿ ಏನರೆ ಕಾಣಸ್ತದೇನ್ರಿ?’ ಎಂದೆ.

ಕಾಕು ಗಾಬರಿಯಿಂದ ಮೇಲೆ ನೋಡಿ, ‘ಇಲ್ಲವಾ!’ ಎಂದರು.

‘ನನಗೂ ಕಾಣವಲ್ದು. ಹಂಗಾರ ಈಗ ಕೇಳ್ರಿ.’

ಹೇಳಿದೆ. ಕೂಗಲಿಲ್ಲ, ಅಳಲಿಲ್ಲ, ಶಾಲೆಯಲ್ಲಿ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಮೊದಲಿನಿಂದ ಹೇಳಿದೆ. ತಂತಿ ಬಂದ ದಿನ, ಮುದ್ರೆಯ ದಿನ, ವಡೆ, ಪಾಯಸ, ಪೋಥಿ. ಕೊನೆಗೆ ಅಂಬಕ್ಕನತ್ತ ತಿರುಗಿ, ‘ಈಗ ಹೇಳ್ರಿ ಅಕ್ಕಾ, ಇದು ಸೂಜಿ ಮಾತೇನು?’ ಎಂದೆ. ಎದೆ ಹಗುರಾಯಿತು. ಎಂಥ ಸಂತೋಷವಾಯಿತೆಂದರೆ ಮಂಡಿ ಇರುವುದೇ ಮರೆತುಹೋಯಿತು.

ಅಂಬಕ್ಕ ನನ್ನನ್ನೇ ನೋಡಿ, ‘ಸುಮೀ, ನೀ ಮಾಸ್ತರಿಕಿ ಮಾಡಿದಾಕಿ. ತಾರ ಇಂಗ್ಲಿಷಿನ್ಯಾಗ ಇತ್ತು. ನನಗ ಇಂಗ್ಲಿಷ್ ಎಲ್ಲಿ ಬರತದವಾ?’ ಎಂದರು.

ಆಮೇಲೆ ತಮ್ಮನ ಕಡೆ ಕೈ ಮಾಡಿ ತೋರಿಸಿದರು.

‘ಅವ ಓದಿ ಹೇಳಿದ. ಇಟ್ಟಕೋ ಅಂದ, ಇಟ್ಟಕೊಂಡೆ. ನಾಳೆ ಊಟ ಆದ ಮ್ಯಾಲೆ ನೀನ ಹೇಳು, ನನ್ನಿಂದ ಆಗೂದಿಲ್ಲ ಅಂದ, ಹೇಳಿದೆ. ತಮ್ಮನ ಸಂಸಾರ ಕೆಡಬಾರದಂತ ನಿನ್ನ ಕಡಿಂದ ಎಲ್ಲಾ ನುಂಗಿದೆ. ನೀರಚಹಾನೂ ನುಂಗಿದೆ.’

ನಮ್ಮವರ ಕೈಯ ಟವೆಲಿನಿಂದ ನೀರು ಹನಿಯುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ. ‘ತಾರ ನಾನ ಸಹಿ ಮಾಡಿ ತಗೊಂಡಿದ್ದೆ. ಬ್ರಾಹ್ಮಣರಿಗೆ ಹೇಳಿಯಾಗಿತ್ತು. ನೀ ಹೊರಗ ಕೂತರ ಅಡಿಗಿ ಯಾರು ಮಾಡಬೇಕು ಅನ್ನಿಸ್ತು’ ಎಂದರು.

ಅಷ್ಟೇ. ಅಡುಗೆ ಯಾರು ಮಾಡಬೇಕು! ನನ್ನ ಅವ್ವನನ್ನು ಒಂದು ಹೊತ್ತಿನ ಅಡುಗೆಗೆ ಮಾರಿದ್ದು ಅಂಬಕ್ಕ ಅಲ್ಲ, ಇವರು. ಗಣಿತ ಕಲಿಸುವವಳಿಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ; ಇವರ ಮೇಲಿನ ಕನಿಕರದಲ್ಲಿ ನನ್ನ ಕಣ್ಣು ಕುರುಡಾಗಿತ್ತು. ಮೊದಲನೆಯ ಸಲ ನಾನು ಕೂಗಿದಾಗ ‘ಸೂಜಿ ಮಾತು’ ಎಂದು ಎಲ್ಲರನ್ನೂ ಹೊರಗೆ ಕರೆದೊಯ್ದವರು ಇವರೇ. ಊರೆಲ್ಲ ನಗುವಾಗ ಜೊತೆಗೆ ನಕ್ಕವರು ಇವರೇ. ಕಾಕು ಸಂತ್ರಾದ ಚೀಲವನ್ನು ಕೆಳಗಿಟ್ಟು, ‘ಬರ್ತೀವಿ’ ಎಂದೂ ಅನ್ನದೆ ಎದ್ದುಹೋದರು.

ನನಗೆ ಎದ್ದು ಹೋಗಲು ಕಾಲಿರಲಿಲ್ಲ. ಇಂಥ ಕಾಯಿಲೆಯ ದೊಡ್ಡ ಅವಮಾನ ಅದು. ಯಾರ ಮುಖ ನೋಡಬಾರದು ಅನಿಸುತ್ತದೋ ಅವರೇ ತೋಳು ಕೊಟ್ಟು ಬಚ್ಚಲಿಗೆ ಕರೆದೊಯ್ಯಬೇಕು. ಇಪ್ಪತ್ತು ನಿಮಿಷವಾಗಿತ್ತು. ಇವರು ಹಳೆಯ ಐಸು ತೆಗೆದು ಹೊಸದು ಇಟ್ಟರು. ತಳ್ಳಿಬಿಡಬೇಕೆಂದು ಕೈ ಎತ್ತಿದೆ. ಮಂಡಿಗೆ ತಂಪು ಹತ್ತಿತು, ಕೈ ಇಳಿಸಿದೆ. ಆ ಇಳಿಸಿದ ಕೈಯ ಸಿಟ್ಟು ಇನ್ನೂ ಇದೆ.

ಮನೆಗೆ ಬಂದ ಮೇಲೂ ಆರು ವಾರ ಅದೇ: ಹೊತ್ತುಹೊತ್ತಿಗೆ ಗುಳಿಗೆ, ವ್ಯಾಯಾಮಕ್ಕೆ ಮೊದಲು ಒಂದು, ಆಮೇಲೆ ಐಸು. ಕಾಲು ಬಲಗಾಲಿಗಿಂತ ಬೇಗ ಮಡಚಿತು. ತಲೆ ತಿಳಿಯಾಗಿತ್ತು, ಊಟ ರುಚಿಸುತ್ತಿತ್ತು, ಹದಿನೈದು ದಿನಕ್ಕೆ ವಾಕರ್ ಹಿಡಿದು ಅಂಗಳದವರೆಗೆ ಹೋದೆ. ಅಂಬಕ್ಕನ ಕ್ಷಮೆ ಕೇಳಿದೆನೇ ಎಂದರೆ, ಇಲ್ಲ. ಅವರಿಗೂ ಗೊತ್ತಿತ್ತಲ್ಲ! ಆದರೆ ಅವರ ಚಹಾಕ್ಕೆ ಈಗ ಹೊಸ ಪುಡಿ ಹಾಕುತ್ತೇನೆ. ನಮ್ಮವರು ಎರಡು ಸಲ ‘ತಪ್ಪಾತು ಸುಮನ್’ ಎಂದರು. ಎರಡು ಸಲವೂ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಯಾರೂ ಕೇಳದ ಹಾಗೆ ಮಾಡಿದ ತಪ್ಪನ್ನು ಯಾರೂ ಕೇಳದ ಹಾಗೆಯೇ ತೀರಿಸುವ ಆಸೆ ಇವರಿಗೆ.

ವೃಂದಾ ಮಾತ್ರ ಬಿಡಲಿಲ್ಲ. ‘ಅಮ್ಮಾ, ಕಾಯ್ ಝಾಲಂ ಆ ದಿನ? ನೀ ಅಪ್ಪನ ಜೋಡಿ ಬರೋಬರ್ ಮಾತಾಡವಲ್ಲಿ. ಕೋಯೀ ಕುಛ್ ಬತಾತಾ ನಹೀ ಇಸ್ ಘರ್ ಮೇ’ ಎಂದು ದಿನಾ ಕೇಳುತ್ತಾಳೆ; ಆ ದಿನ ಏನಾಯಿತು, ಈ ಮನೆಯಲ್ಲಿ ಯಾರೂ ಏನೂ ಹೇಳುವುದಿಲ್ಲ ಎಂದು ಅವಳ ದೂರು. ಅಪ್ಪನೆಂದರೆ ಅವಳಿಗೆ ಜೀವ. ‘ಅಪ್ಪನನ್ನೇ ಕೇಳು’ ಎಂದೆ. ಇವರು ‘ಏನಿಲ್ಲವಾ, ಹಳೇ ಮಾತು’ ಎಂದು ಸಂತೆಚೀಲ ಹಿಡಿದು ಹೊರಗೆ ಹೊರಟರು. ಆಗ ಬರೆಯಲು ಕೂತೆ.

ಇಲ್ಲಿಯವರೆಗೆ ಬರೆದು, ಹೋದ ರವಿವಾರ ತಿಂಡಿಯಾದ ಮೇಲೆ ವೃಂದಾಳ ಕೈಗೆ ಕೊಟ್ಟೆ. ಅವಳು ನಾಗಪುರದಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಹಾಳೆ ತಿರುಗಿಸಿ ನೋಡಿ, ‘ನೀನ ಓದಿ ಹೇಳ ನಾ’ ಎಂದಳು.

‘ನನ್ನ ಕನ್ನಡಕ ಒಡದದ. ಅಪ್ಪನ ಕಡೆ ಓದಸ್ಕೋ’ ಎಂದೆ. ಒಡೆದಿರಲಿಲ್ಲ.

ಇವರು ಹಾಳೆ ತೆಗೆದುಕೊಂಡರು. ಮೊದಲಿಗೆ ಚೆನ್ನಾಗಿಯೇ ಓದಿದರು. ಶ್ರಾದ್ಧದ ಹತ್ತಿರ ದನಿ ಇಳಿಯಿತು. ನನಗ ಇಂಗ್ಲಿಷ್ ಎಲ್ಲಿ ಬರತದವಾ ಎಂಬ ಅಂಬಕ್ಕನ ಮಾತಿನವರೆಗೆ ಓದಿ ನಿಂತರು. ವೃಂದಾ ಅವರ ಭುಜಕ್ಕೆ ಒರಗಿಕೊಂಡು, ಆ ಅಕ್ಷರಗಳನ್ನು ದಿಟ್ಟಿಸುತ್ತ ಕೂತಿದ್ದಳು.

‘ತಾರ ಯಾರು ತಗೊಂಡಿದ್ದರು ಅಪ್ಪಾ? ಮುಂದ ಓದು ನಾ. ಏನ್ ಬರದಾಳ ಅಮ್ಮ?’

ಇವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಎರಡೂ ಕಾಲು ಚಾಚಿ ಕೂತು, ಅವರು ಓದುವುದನ್ನೇ ಕಾದೆ.